ಹಗ್ಗದ ತುದಿಯ ಓಬಳಯ್ಯ

ಬಹಳ ಕಾಲದ ಹಿಂದೆ, ಬಂಡೆಗಳ ನಡುವೆ ಒಂದು ಊರಿತ್ತು. ಅಲ್ಲಿ ಓಬಳಯ್ಯ ಅಂತ ಒಬ್ಬನಿದ್ದ. ಕಲ್ಲು ಎಳೆಯುವವರಿಗೆ ಕೂಗು ಕೊಡುವುದು ಅವನ ಕೆಲಸ. ಅವನು 'ಐಸಾ' ಅಂದರೆ ಬೆಟ್ಟವೂ ಎದ್ದು ಬರುತ್ತಿತ್ತು ಅಂತಾರೆ. ಹಗ್ಗದ ಮೇಲೆ ಅಂಗೈ ಇಟ್ಟು, ನಲವತ್ತು ಜನರ ಉಸಿರು ತುಂಬಿದ್ದು ತಿಳಿದ ಮೇಲೇ ಕೂಗುತ್ತಿದ್ದ.

ಒಂದು ಬೆಳಿಗ್ಗೆ ಎದ್ದ. ಭೂಮಿ ಗಿರ್ರನೆ ತಿರುಗಿತು. ಬಿದ್ದ. ಹಿಂದಲೆಯೊಳಗೆ ರಕ್ತ ಕಟ್ಟಿದೆ, ನಡಿಗೆಗೂ ನಾಲಿಗೆಗೂ ತಾಳ ಹಾಕುವ ಜಾಗ ಅದು ಅಂದನಂತೆ ವೈದ್ಯ. ಮಾತು ಹೋಯಿತು. ಎಲ್ಲ ಅರ್ಥವಾಗುತ್ತಿತ್ತು, ಒಂದಕ್ಷರ ಹೊರಡುತ್ತಿರಲಿಲ್ಲ. ನಿಂತರೆ ತೂರಾಡುತ್ತಿದ್ದ. ಎರಡು ಹೆಜ್ಜೆಗೆ ಬೀಳುತ್ತಿದ್ದ.

ಆ ವರ್ಷ ಕೆರೆ ಏರಿಗೆ ತೂಬಿನ ಕಲ್ಲು ಏರಿಸಬೇಕಿತ್ತು. ಮಳೆಗೆ ಮೊದಲು ಕೂರಿಸದಿದ್ದರೆ ನೀರು ನಿಲ್ಲದು. ಓಬಳಯ್ಯನ ಬದಲು ಕೂಗಲು ಕೆಂಚಣ್ಣ ಅನ್ನೋನು ನಿಂತ. ದೊಡ್ಡ ಗಂಟಲು. ಹಗ್ಗ ಮುಟ್ಟಲಿಲ್ಲ, ತನ್ನ ಉಸಿರಿಗೆ ತಾನು ಕೂಗಿದ. ಅರ್ಧ ಜನ ಎಳೆದರು, ಅರ್ಧ ಜನ ಉಸಿರೆಳೆದುಕೊಂಡರು. ಕಲ್ಲು ಅರ್ಧ ದಾರಿಯಿಂದ ಜಾರತೊಡಗಿತು. ಕೆಳಗೆ ಸನ್ನೆಕೋಲು ಹಿಡಿದ ಆರು ಜನ.

ಓಬಳಯ್ಯ ಏರಿಯ ಮೇಲೆ ಹೆಂಡತಿ ಪಾಲವ್ವನ ಪಕ್ಕ ಕೂತಿದ್ದ. ತೆವಳಿ ಹೋಗಿ ಹಗ್ಗದ ತುದಿ ಸೊಂಟಕ್ಕೆ ಸುತ್ತಿಕೊಂಡ.

"ಬೆಳಗ್ಗೇನೇ ಹೆಂಡ ಏರಿಸವ್ನೆ, ಆ ಕಡೆ ಕರ್ಕೊಂಡು ಹೋಗವ್ವ!" ಅಂತ ಹಂಗಿಸಿದ ಕೆಂಚಣ್ಣ.

"ಹುಯ್ದು ಕೊಟ್ಟೋನು ನಿಮ್ಮಪ್ಪನೇನ್ಲಾ? ಮುಚ್ಚು ಬಾಯಿ!" ಅಂದಳು ಪಾಲವ್ವ. ಗಂಡನ ರಟ್ಟೆ ಹಿಡಿದು ನಿಲ್ಲಿಸಿದಳು.

ಅಂಗೈ ಹಗ್ಗದ ಮೇಲಿಟ್ಟ. ಕಾದ. ಉಸಿರು ತುಂಬಿತು. ಹಿಂದಕ್ಕೆ ಬಿದ್ದ. ಬೀಳುವುದು ಹೇಗೂ ಬರುತ್ತಿತ್ತಲ್ಲ. ಆ ಜಗ್ಗು ಹಗ್ಗದುದ್ದಕ್ಕೂ ಹರಿದು ಎಲ್ಲರ ಕೈಗೆ ತಾಗಿತು. ನಲವತ್ತು ಜನ ಒಟ್ಟಿಗೆ ಎಳೆದರು. ಕಲ್ಲು ನಿಂತಿತು. ಪಾಲವ್ವ ಎತ್ತಿದಳು, ಅವನು ಬಿದ್ದ. ಕಲ್ಲು ಒಂದು ಮೊಳ ಏರಿತು. ಎತ್ತಿದಳು, ಬಿದ್ದ. ನೂರು ಸಲ ಅಂತಾರೆ. ಮೂವತ್ತಿರಬಹುದು.

ಕಲ್ಲು ಏರಿ ಕೂತಿತು. ಕೆಂಚಣ್ಣ ಬಂದು ಅವನ ಬೆನ್ನಿನ ಮಣ್ಣು ಕೊಡವಿದ. ಆಗ ಓಬಳಯ್ಯನ ಬಾಯಿಂದ 'ಐ' ಅಂತ ಒಂದು ದನಿ ಹೊರಟಿತು ಅಂತಾರೆ. ಇಲ್ಲ, ಅದು ನಗು ಅಂತಲೂ ಅಂತಾರೆ. ಕೆರೆಯಂತೂ ಆ ವರ್ಷ ಕೋಡಿ ಬಿತ್ತು.

ಇವತ್ತಿಗೂ ಆ ಊರಲ್ಲಿ ಭಾರ ಎಳೆಯುವಾಗ ಮೊದಲ ಮೂರು ಎಳೆತಕ್ಕೆ ಯಾರೂ ಕೂಗುವುದಿಲ್ಲ. ಹಿರಿಯನೊಬ್ಬ ಹಗ್ಗದ ತುದಿ ಸೊಂಟಕ್ಕೆ ಕಟ್ಟಿಕೊಂಡು ಹಿಂದಕ್ಕೆ ಬೀಳುತ್ತಾನೆ. ಅವನ ಹೆಂಡತಿ ಎತ್ತುತ್ತಾಳೆ. ನಾಲ್ಕನೆಯದಕ್ಕೆ ಊರಿಗೆ ಊರೇ ಕೂಗುತ್ತದೆ: ಐಸಾ!