ಒಂಟಿ ಸೀನು

"ಬುದ್ಧಿ, ಗುರುಪಾದನನ್ನು ನಾಳೆ ಊರಿಗೆ ಕಳಿಸಿಬಿಡೋಣವೇ?" ಎಂದು ಮಠದ ಹಿರಿಯ ಶಿಷ್ಯ ಚನ್ನವೀರ ಕೇಳಿದ. "ಬಂದ ಹೊಸದರಲ್ಲಿ ವಟವಟ ಅಂತ ಏನಾದರೂ ಕೇಳುತ್ತಲೇ ಇರುತ್ತಿದ್ದ. ಈಗ ಪಾಠಕ್ಕೆ ಕೂರುತ್ತಾನೆ, ಊಟಕ್ಕೆ ಏಳುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಒಳಗೇ ಏನೋ ಕೆಟ್ಟಿದೆ. ಅವನಿಗೆ ವಿದ್ಯೆ ಹತ್ತುವುದಿಲ್ಲ ಬಿಡಿ."

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹೆಂಗಸು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಊರವರ ಮದುವೆ ಕಾಗದ, ನಾಮಕರಣದ ಕಾಗದ ಅಚ್ಚು ಹಾಕಿಕೊಡುತ್ತಿದ್ದಳು. ಅದೇ ಅವಳ ಅನ್ನ, ಅದೇ ಅವಳ ಮರ್ಯಾದೆ. ಗಂಡನ ಅಣ್ಣನಿಗೆ ಆ ಕೋಣೆಯ ಮೇಲೆ ಕಣ್ಣು. ಸಿಮೆಂಟ್ ಚೀಲ ಇಡಲು ಅವನಿಗೆ ಜಾಗ ಬೇಕಿತ್ತು.

ಆಯುಧಪೂಜೆಯ ಮಾರನೆಯ ದಿನ ಅವಳು ಬಂದು ಗುಂಡಿ ಒತ್ತಿದಳು. ದೀಪ ಹತ್ತಿತು, ಒಳಗೆ ಫ್ಯಾನೂ ತಿರುಗಿತು. ಪರದೆ ಮಾತ್ರ ಕಪ್ಪಗೆ. ಆರಿಸಿ ಮತ್ತೆ ಒತ್ತಿದಳು. ಅದೇ ಕಪ್ಪು.

ಭಾವ ಬಾಗಿಲಲ್ಲೇ ನಿಂತಿದ್ದ. "ಸತ್ತಿತೇನಮ್ಮಾ? ಹಾಗಾದರೆ ಕೋಣೆ ಖಾಲಿ ಮಾಡು. ಸಂಜೆ ಲೋಡು ಬರುತ್ತದೆ."

"ಹೆಣ ನೋಡದೆ ಸೂತಕ ಹಿಡಿಯುವವಳು ನಾನಲ್ಲ ಭಾವ," ಎಂದಳು.

ರಿಪೇರಿಯವನನ್ನು ಕರೆಸಿದಳು. ಅವನು ಕೇಬಲ್ ಬದಲಿಸಿ ನೋಡಿದ, ಬೇರೆ ಪರದೆ ಇಟ್ಟು ನೋಡಿದ. ಕೈ ಒರೆಸಿಕೊಂಡ. "ಮದರ್‌ಬೋರ್ಡೇ ಹೋಗಿದೆ ಅಕ್ಕ. ಇದರ ಆಸೆ ಬಿಡಿ."

"ನೋಡಿ ಹೇಳಿದೆಯೋ, ಅಂದಾಜಿಗೆ ಹೇಳಿದೆಯೋ?"

ಅವನು ತಲೆ ಕೆರೆದುಕೊಂಡ.

"ಬಿಚ್ಚು," ಎಂದಳು. "ಕೆಟ್ಟಿದ್ದು ಯಾವುದು ಅಂತ ನನ್ನ ಕಣ್ಣಿಗೆ ತೋರಿಸು, ಆಮೇಲೆ ಸತ್ತಿತು ಅನ್ನು. ಅಲ್ಲಿಯವರೆಗೆ ನೀನೂ ಏಳಬೇಡ, ನಾನೂ ಏಳುವುದಿಲ್ಲ."

ಬಿಚ್ಚಿದ. ಒಳಗೆ ಒಂದು ವೈರು ಎಲ್ಲಿಗೂ ಸೇರದೆ ಜೋಲಾಡುತ್ತಿತ್ತು. ಇದೇನು ಎಂದು ಅವಳು ಬೆರಳು ತೋರಿಸಿದಳು. ರಿಪೇರಿಯವನು ನಕ್ಕ.

"ಅದು ಒಳಗಿನ ಸ್ಪೀಕರಿನದು. ಎಲ್ಲ ಸರಿ ಇದ್ದರೆ ಪೆಟ್ಟಿಗೆ ಏಳುವಾಗ ಒಂದೇ ಸಲ ಪೀಂ ಅನ್ನುತ್ತದೆ. ನಿಮ್ಮ ಭಾವನವರು ಬೆಳಿಗ್ಗೆ ಹೊರಟಾಗೆಲ್ಲ ಅದು ಒಂಟಿ ಸೀನಿನ ಹಾಗೆ ಕೇಳುತ್ತಿತ್ತಂತೆ. ಅಪಶಕುನ ಅಂತ ಹೋದ ವರ್ಷ ನನ್ನ ಕೈಲೇ ಕೀಳಿಸಿದರು."

"ಸರಿ ಇಲ್ಲದಿದ್ದರೆ ಏನನ್ನುತ್ತದೆ?"

"ಬೇರೆ ಥರ ಕೂಗುತ್ತದೆ. ಎಲ್ಲಿ ನೋವೋ ಅದಕ್ಕೆ ತಕ್ಕ ಕೂಗು."

"ಮತ್ತೆ ಮುಖ ನೋಡುತ್ತೀಯಲ್ಲ ಮಾರಾಯ, ಸಿಕ್ಕಿಸು!"

ಸಿಕ್ಕಿಸಿ ಗುಂಡಿ ಒತ್ತಿದ. ಪೆಟ್ಟಿಗೆ ಉದ್ದಕ್ಕೆ ಕೂಗಿತು. ಉಸಿರು ಹಿಡಿದು ಮತ್ತೆ ಉದ್ದಕ್ಕೆ ಕೂಗಿತು. ಹಸಿದ ಕೂಸಿನ ಹಾಗೆ ಬಿಡದೆ ಕೂಗಿತು.

"ಮೆಮೊರಿಯ ಕೂಗು ಅಕ್ಕ ಇದು!" ಎಂದ ರಿಪೇರಿಯವನು. ಆರಿಸಿ, ಮೆಮೊರಿಯ ಪಟ್ಟಿ ಕಿತ್ತು ಬೆಳಕಿಗೆ ಹಿಡಿದ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕೆಂಪು ಮೆತ್ತಿತ್ತು.

ಹಬ್ಬದ ದಿನ ಬಿಡಿಸಲು ಬಂದದ್ದನ್ನೆಲ್ಲ ಬಿಡಿಸಿ, ಒರೆಸಿ, ಒಂದೊಂದಕ್ಕೂ ಕುಂಕುಮ ಇಟ್ಟವಳು ಅವಳೇ. ಅನ್ನ ಕೊಡುವ ಪೆಟ್ಟಿಗೆಯಲ್ಲವೇ, ಯಾವುದಕ್ಕೂ ಕಡಿಮೆಯಾಗಬಾರದು ಎಂದುಕೊಂಡಿದ್ದಳು. ಈಗ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ಇಟ್ಟ ಕೈಯೇ ಒರೆಸಲಿ, ಕೊಡಿಲ್ಲಿ," ಎಂದು ಮಕ್ಕಳ ರಬ್ಬರ್ ತಂದು ಹಲ್ಲು ಹಲ್ಲನ್ನೂ ಉಜ್ಜಿದಳು. ಅವನು ಪಟ್ಟಿಯನ್ನು ಟಕ್ ಎಂದು ಕೂರಿಸಿದ. ಅವಳು ಗುಂಡಿ ಒತ್ತಿದಳು.

ಪೀಂ ಎಂದಿತು, ಒಂದೇ ಸಲ. ಪರದೆ ಬೆಳಗಿತು.

ಹೊರಗೆ ಲಾರಿ ಬಂದು ನಿಂತಿತ್ತು. ಭಾವ ಹೊಸ್ತಿಲಿಗೆ ಕಾಲಿಟ್ಟವನು ಹಾಗೇ ಹಿಂದಕ್ಕೆ ತೆಗೆದ. "ಥತ್! ಮೊದಲ ಲೋಡು ಇಳಿಸುವ ಹೊತ್ತಿಗೆ ಒಂಟಿ ಸೀನು!"

"ಸೀನಲಿ ಭಾವ," ಎಂದಳು ಕೂತಲ್ಲಿಂದ ಏಳದೆ. "ಅದು ಸೀನುತ್ತಿರುವ ತನಕ ಈ ಕೋಣೆ ನನ್ನದು. ನಿಮ್ಮ ಚೀಲ ನಿಮ್ಮ ಪಡಸಾಲೆಯಲ್ಲಿ ಇಳಿಸಿಕೊಳ್ಳಿ."

ಕತೆ ಕೇಳಿ ಚನ್ನವೀರ ಗಟ್ಟಿಯಾಗಿ ನಕ್ಕ. "ಗಟ್ಟಿಗಿತ್ತಿ ಬುದ್ಧಿ ಅವಳು!"

ಗುರುಗಳು ನಗಲಿಲ್ಲ. "ಬಂದ ಹೊಸದರಲ್ಲಿ ವಟವಟ ಅನ್ನುತ್ತಿದ್ದ ಅಂದೆಯಲ್ಲ, ಗುರುಪಾದನ ವೈರು ಕಿತ್ತವರು ಯಾರಪ್ಪ?"

ಚನ್ನವೀರ ತಲೆ ತಗ್ಗಿಸಿ ಎದ್ದು, ಗುರುಪಾದನನ್ನು ಹುಡುಕಿಕೊಂಡು ಹೋದ.