ಬೇಡವೆಂದ ಎಂಟು ಲಕ್ಷ

ತುಮಕೂರಿನ ಬಸ್ ಕಂಡಕ್ಟರ್ ಸಿದ್ದಗಂಗಮ್ಮ ತಾನು ಬಾಡಿಗೆಗಿದ್ದ ಮನೆಯನ್ನೇ ಕೊಳ್ಳಲು ಹೊರಟಿದ್ದಳು. ಮಾಲೀಕ ಚನ್ನಬಸಪ್ಪ ಇಪ್ಪತ್ತೈದು ಲಕ್ಷಕ್ಕೆ ಒಪ್ಪಿದ್ದ. ಅಷ್ಟರಲ್ಲಿ ಬ್ಯಾಂಕು ಅವಳಿಗೆ ಕೇಳಿದ್ದಕ್ಕಿಂತ ಎಂಟು ಲಕ್ಷ ಹೆಚ್ಚಿಗೆ ಸಾಲ ಕೊಡುತ್ತದೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಮೀಸೆ ತಿರುವುತ್ತಾ ಬಂದ.

“ಮನೆ ಈಗ ಮೂವತ್ಮೂರು ಲಕ್ಷ ಕಣಮ್ಮ. ಕೊಡೋದು ಬ್ಯಾಂಕು, ನಿನ್ನ ಗಂಟೇನು ಹೋಗುತ್ತೆ?”

‘ಕೊಡೋದು ಬ್ಯಾಂಕು, ಇಪ್ಪತ್ತು ವರ್ಷ ತೀರಿಸೋಳು ನಾನು’ ಅಂದುಕೊಂಡ ಸಿದ್ದಗಂಗಮ್ಮ ನೇರ ಬ್ಯಾಂಕಿಗೆ ಹೋದಳು.

“ಸಾರ್, ಆ ಎಂಟು ಲಕ್ಷ ನನಗೆ ಬೇಡ. ಕಡಿಮೆ ಮಾಡಿ ಮಂಜೂರಾತಿ ಪತ್ರ ಕೊಡಿ.”

ಮ್ಯಾನೇಜರು ಕನ್ನಡಕ ತೆಗೆದು ನೋಡಿದರು. “ಸಾಲ ಕಡಿಮೆ ಮಾಡಿ ಅಂದೋರನ್ನ ಇವತ್ತೇ ನೋಡಿದ್ದಮ್ಮ!”

ಪತ್ರ ಓದಿದ ಚನ್ನಬಸಪ್ಪನ ಮುಖ ಹುಳ್ಳಗಾಯಿತು. ಬೇರೆ ಕಡೆ ಸೈಟಿಗೆ ಮುಂಗಡ ಕೊಟ್ಟಿದ್ದ, ಬಾಕಿ ಕಟ್ಟುವ ಗಡುವು ಹತ್ತಿರವಿತ್ತು. ಹೊಸ ಗಿರಾಕಿ ಹುಡುಕಲು ಪುರುಸೊತ್ತಿರಲಿಲ್ಲ. ಎರಡು ದಿನ ಗೊಣಗಿದ. ಮೂರನೇ ದಿನ ಹಳೇ ಬೆಲೆಗೇ ಸಹಿ ಹಾಕಿದ.

“ಈ ಉಪಾಯ ಯಾರಮ್ಮ ಹೇಳ್ಕೊಟ್ಟಿದ್ದು?”

“ನೀವೇ ಯಜಮಾನ್ರೇ. ಮನೆ ಒಂದಿಂಚೂ ಬೆಳೀಲಿಲ್ಲ. ಸಾಲ ಬೆಳೀತು ಅಂತ ಬೆಲೆ ಬೆಳೆಸಿದ್ರಿ. ಅದಕ್ಕೇ ಸಾಲಾನೇ ಕತ್ತರಿಸಿದೆ.”

ಅಷ್ಟು ಹೇಳಿ, ಸ್ವಂತ ಮನೆಯ ಬಾಗಿಲಲ್ಲಿ ಎದೆಯೆತ್ತಿ ನಿಂತಳು.