ಕಂಡಿ ವಠಾರ

ಕೆಂಗಾಪುರದ ಹತ್ತಿ ಗಿರಣಿಯ ಹಿಂದೆ ನಾಲ್ಕು ಸಾಲು ಮನೆಗಳ ಹಳೆಯ ವಠಾರವಿದೆ. ಪ್ಲೇಗು ಕಳೆದ ಮೇಲೆ ಸರ್ಕಾರ ಕೂಲಿಕಾರರಿಗೆಂದು ಕಟ್ಟಿಸಿದ್ದು. ಕಲ್ಲಿನ ತಳಪಾಯ, ಮಂಗಳೂರು ಹೆಂಚು, ಗಾಳಿಯಾಡಲು ಸೂರಿನಡಿ ಜಾಲಂದ್ರ. ಮೂರು ಸಾಲಿನ ಬಾಗಿಲುಗಳು ನಡುವಿನ ಬಾವಿಯಂಗಳಕ್ಕೆ ತೆರೆಯುತ್ತವೆ. ತೆಂಕಣ ಸಾಲು ಮಾತ್ರ ಅಂಗಳಕ್ಕೆ ಬೆನ್ನು ಹಾಕಿ ನಿಂತಿದೆ. ಸರ್ಕಾರ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಕಂಡಿ ವಠಾರ ಎಂದರೆ ದಾರಿ ತೋರಿಸುತ್ತಾರೆ.

ಹಿಂದೆ ಒಮ್ಮೆ, ಕಟ್ಟಡ ಏಳುತ್ತಿದ್ದಾಗ, ನಾಲ್ಕೂ ಸಾಲು ಬಾವಿಗೆ ಮುಖ ಮಾಡಿದ್ದವು ಎನ್ನುತ್ತಾರೆ. ತೆಂಕಣ ಸಾಲು ಬೀದಿ ಗುಡಿಸುವವರಿಗೆ ಎಂದು ತಿಳಿದಾಗ ಉಳಿದ ಸಾಲುಗಳಿಗೆ ಬರಬೇಕಿದ್ದ ಗಿರಣಿ ಕೂಲಿಕಾರರ ಯಜಮಾನ ಸಿದ್ದಬಸಪ್ಪ ಮೇಸ್ತ್ರಿಯ ಮುಂದೆ ನಿಂತ. ಅವರ ಬಾಗಿಲು ಆಚೆಗಿರಲಿ, ಇಲ್ಲವಾದರೆ ನಮ್ಮವರು ಒಬ್ಬರೂ ಬರುವುದಿಲ್ಲ ಎಂದ. ಮೇಸ್ತ್ರಿ ಬಾಗಿಲು ತಿರುಗಿಸಿದ. ಆ ಸಾಲಿನ ನಡುವೆ ಅಂಗಳಕ್ಕೆ ಬಿಟ್ಟಿದ್ದ ಓಣಿಗೂ ಸಿದ್ದಬಸಪ್ಪನೇ ನಿಂತು ಗೋಡೆ ಹಾಕಿಸಿದ. ಗೆದ್ದೆ ಎಂದುಕೊಂಡ.

ಹೊಸ ವಠಾರದ ಮೊದಲ ಹೆರಿಗೆ ಅವನ ಮಗಳು ಪಾರವ್ವನದು. ಸೂಲಗಿತ್ತಿ ದುರುಗವ್ವನ ಮನೆ ಆ ಗೋಡೆಯಾಚೆ. ಹೆರಿಗೆಗೆ ಅವಳ ಕೈ ಬೇಕು, ಬಾವಿಯ ಹತ್ತಿರ ಅವಳ ನೆರಳು ಬೇಡ. ಅಂದಿನ ರೂಢಿ ಅದು. ಮಧ್ಯಾಹ್ನ ನೋವು ಜೋರಾಯಿತು. ಸಿದ್ದಬಸಪ್ಪ ಗೋಡೆ ಬಡಿದು ಕೂಗಿದ.

“ಬಂದೆ ಯಜಮಾನ್ರೇ, ಸುತ್ತಿ ಬರಬೇಕಲ್ರೀ” ಎಂದಿತು ಆಚೆಯ ದನಿ.

ತಿಪ್ಪೆ ದಾಟಿ, ಗಿರಣಿಯ ಬೇಲಿ ಬಳಸಿ, ಹತ್ತಿಗಾಡಿಗಳ ಸಂದಿಯಲ್ಲಿ ನುಗ್ಗಿ ಅವಳು ಬಡಗಣ ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ಮಗು ಹುಟ್ಟಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಉಸಿರಿರಲಿಲ್ಲ. ದುರುಗವ್ವ ತಾಯಿಯನ್ನು ಉಳಿಸಿದಳು. ಅವಳ ಕೈಗೆ ನೀರು ಹೊಯ್ಯುತ್ತ ಸಿದ್ದಬಸಪ್ಪ, ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಕೇಳಿದ.

“ಬಳ್ಳಿ ಬಿಡಿಸ್ತಿದ್ದೆ” ಎಂದಳು.

ಮಗಳು ಅವನನ್ನು ಒಂದು ಮಾತೂ ಅನ್ನಲಿಲ್ಲ. ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಉಣ್ಣಲು ಕೂತರೆ ಎದುರಿಗೆ ಅದೇ ಗೋಡೆ. ಒಂದು ಬೆಳಿಗ್ಗೆ ಹಾರೆ ಹಿಡಿದ. ತನ್ನವರು ಅಡ್ಡ ಬಂದರು, ಕುಲಗೆಟ್ಟವನು ಎಂದರು. ಕೆಲವರು ಅವನ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಅವನು ಹಾರೆ ಬಿಡಲಿಲ್ಲ. ವಯಸ್ಸಾದ ತೋಳು, ಹಾರೆ ಎದೆಯ ಮಟ್ಟಕ್ಕಿಂತ ಮೇಲೇರಲಿಲ್ಲ. ಕಂಡಿ ಅಷ್ಟೇ ಎತ್ತರವಾಯಿತು. ಇನ್ನಷ್ಟು ಒಡೆಸಿ ಚೌಕಟ್ಟು ಕೂರಿಸುತ್ತೇನೆ ಎಂದು ದುರುಗವ್ವನಿಗೆ ಹೇಳಿದನಂತೆ.

“ಬ್ಯಾಡ ಬಿಡ್ರಿ” ಎಂದಳಂತೆ ಅವಳು. “ನಮಗೆ ಬಗ್ಗಿ ರೂಢಿ ಐತಿ. ನಿಮ್ಮೋರೂ ಬಗ್ಲಿ.”

ಮೊದಲು ಬಗ್ಗಿ ದಾಟಿದವನು ಅವನೇ ಎನ್ನುತ್ತಾರೆ. ಕಂಡಿ ಇಂದಿಗೂ ಹಾಗೇ ಇದೆ. ಚೌಕಟ್ಟಿಲ್ಲ, ಗಿಲಾವಿಲ್ಲ. ಪೂರಾ ಬಗ್ಗದ ತಲೆಗಳು ತಾಗಿ ತಾಗಿ ಇಟ್ಟಿಗೆಯ ಮೇಲಂಚು ನುಣುಪಾಗಿದೆ.